ಹಿಟ್ಟಿನ ಕೋಳಿಯೂ ಕಬ್ಬಿಣದ ಕೋಳಿಯೂ

ಹವ್ಯಾಸವೆಂಬುದು ನಮ್ಮ ಕಾಲದ ಬಲು ಉದಾರವಾದ ಶಬ್ದ. ಅಂಚೆಚೀಟಿ ಕೂಡಿಡುವುದೂ ಹವ್ಯಾಸ, ಹಳೆಯ ನಾಣ್ಯಗಳನ್ನು ಅರಸುವುದೂ ಹವ್ಯಾಸ, ಅಂಗಳದಲ್ಲಿ ಗುಲಾಬಿ ಬೆಳೆಸುವುದೂ ಹವ್ಯಾಸ. ಈಗ ಅದೇ ಶಬ್ದದ ನೆರಳಿನಲ್ಲಿ ಬಂದೂಕೂ ಬಂದು ಕುಳಿತಿದೆ. ಕಾರವಾರ, ಅಂಕೋಲೆಗಳಂತಹ ನಮ್ಮ ಕರಾವಳಿಯ ಊರುಗಳ ಅನುಕೂಲಸ್ಥರ ಮನೆಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆಯ ಕೋವಿಯನ್ನು ಎಣ್ಣೆ ಸವರಿ ಗಾಜಿನ ಕಪಾಟಿನಲ್ಲಿ ಮೆರೆಸುವುದು, ಅದರ ಜೊತೆಗೆ ಹೊಸದೊಂದನ್ನು ಕೂಡಿಸುವುದು, ರಜೆಯ ದಿನಗಳಲ್ಲಿ ದೂರದ ಊರಿನ ಮೈದಾನಕ್ಕೆ ಹೋಗಿ ಗುಂಡು ಹಾರಿಸಿ ಬರುವುದು ಪ್ರತಿಷ್ಠೆಯ ಲಕ್ಷಣವೆನಿಸತೊಡಗಿದೆ. ನಮ್ಮ ಸಮಾಜದ ಮನೆತನಗಳೂ ಇದಕ್ಕೆ ಹೊರತಲ್ಲ. ಅಂಥವರ ಸಂಖ್ಯೆ ಅಲ್ಪವೆಂದು ಸುಮ್ಮನಿರುವುದು ಸುಲಭ. ಆದರೆ ಅಣುವ್ರತದ ಲೆಕ್ಕದಲ್ಲಿ ಅಲ್ಪವೆಂಬುದಕ್ಕೂ ಒಂದು ಪುಟವಿದೆ. ಆ ಪುಟವನ್ನು ತೆರೆದು ನೋಡುವುದೇ ಈ ಲೇಖನದ ಉದ್ದೇಶ.

ನನ್ನ ವಿರೋಧ ಯಾರ ಮೇಲಲ್ಲವೆಂಬುದನ್ನು ಮೊದಲು ಸ್ಪಷ್ಟಪಡಿಸುತ್ತೇನೆ. ನಮ್ಮ ಆಚಾರ್ಯರು ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡುಗೆ, ಬೇಸಾಯ, ವ್ಯಾಪಾರಗಳಲ್ಲಿ ಅನಿವಾರ್ಯವಾಗಿ ಘಟಿಸುವುದನ್ನೂ ಆಕ್ರಮಣವನ್ನು ತಡೆಯುವಾಗ ಒದಗುವುದನ್ನೂ ಶ್ರಾವಕನು ಪೂರ್ತಿಯಾಗಿ ಬಿಡಲಾರನೆಂದು ಅವರು ಬಲ್ಲರು. ಬುದ್ಧಿಪೂರ್ವಕವಾಗಿ ಮಾಡುವ ಸಂಕಲ್ಪೀ ಹಿಂಸೆಗೆ ಮಾತ್ರ ಅವರು ಕ್ಷಮೆಯಿಟ್ಟಿಲ್ಲ. ಕಾರವಾರದ ಕದಂಬ ನೌಕಾನೆಲೆಯಲ್ಲಿ ದೇಶದ ಕಡಲನ್ನು ಕಾಯುವ ಯೋಧನ ಆಯುಧ ಈ ಚರ್ಚೆಗೆ ಬರುವುದಿಲ್ಲ. ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನದೂ ಬರುವುದಿಲ್ಲ. ಘಟ್ಟದಂಚಿನ ರೈತನು ಬೆಳೆ ರಕ್ಷಣೆಗೆಂದು ಪಡೆದ ಒಂಟಿನಳಿಗೆಯ ಬಂದೂಕನ್ನು ಕುರಿತು ಬೇರೆಯೇ ವಿಚಾರ ಮಾಡಬೇಕು. ಪ್ರತಿ ಚುನಾವಣೆಯ ಮುನ್ನ ಅವನು ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಮರಳಿ ತರುತ್ತಾನೆ. ಅವನಿಗೆ ಅದು ಹಾರೆ, ಗುದ್ದಲಿಗಳಂತೆ ಒಂದು ಸಲಕರಣೆ. ಅದರಲ್ಲಿ ಅವನಿಗೆ ಆನಂದವಿಲ್ಲ. ನನ್ನ ಪ್ರಶ್ನೆಯಿರುವುದು ಆನಂದಕ್ಕಾಗಿ ಆಯುಧವನ್ನು ಹಿಡಿದವರ ಬಳಿ.

ಅವರ ಮೊದಲನೆಯ ವಾದ ಇದು: “ನಾವು ಹೊಡೆಯುವುದು ಕಾಗದಕ್ಕೆ, ತಗಡಿಗೆ, ಮಣ್ಣಿನ ಬಿಲ್ಲೆಗೆ. ಒಂದು ಇರುವೆಯೂ ಸಾಯುವುದಿಲ್ಲ. ಹಿಂಸೆ ಎಲ್ಲಿಂದ ಬಂತು?”

ಈ ಪ್ರಶ್ನೆಗೆ ಉತ್ತರವನ್ನು ಕನ್ನಡದ ಜೈನರು ಬೇರೆಲ್ಲೂ ಹುಡುಕಬೇಕಾಗಿಲ್ಲ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯ ಕಥೆ ನಮ್ಮ ಮನೆಗಳಲ್ಲಿ ಹೆಂಗಸರೂ ಮಕ್ಕಳೂ ಬಲ್ಲ ಕಥೆ. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕತ್ತರಿಸಿದನು. ಅಲ್ಲಿ ರಕ್ತ ಹರಿಯಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ಆ ಒಂದು ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ನವಿಲು ನಾಯಿಗಳಿಂದ ಮೊದಲುಗೊಂಡು ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಯಿತು. ಹಿಟ್ಟಿಗೆ ನೋವಾಯಿತೆಂದು ಈ ಕಥೆ ಹೇಳುತ್ತಿಲ್ಲ. ಕತ್ತಿಯೆತ್ತಿದ ಕೈಗೆ ಮುಂದಿರುವುದು ಕೋಳಿಯೆಂಬ ಭಾವವಿತ್ತು. ಆ ಭಾವವೇ ಬಂಧಕ್ಕೆ ಸಾಕಾಯಿತು.

ಇದನ್ನು ಹಳೆಯ ಕಾಲದ ಕಲ್ಪನೆಯೆಂದು ತಳ್ಳಿಹಾಕುವವರು ಇಂದಿನ ಗುರಿಕ್ರೀಡೆಗಳನ್ನೊಮ್ಮೆ ನೋಡಬೇಕು. ಮೆಕ್ಸಿಕೊ ದೇಶದಲ್ಲಿ ಹುಟ್ಟಿ ಹಲವು ದೇಶಗಳಿಗೆ ಹಬ್ಬಿದ ಒಂದು ಸ್ಪರ್ಧೆಯಲ್ಲಿ ಕಬ್ಬಿಣದ ತಗಡಿನಿಂದ ಕೊರೆದ ಕೋಳಿ, ಹಂದಿ, ಟರ್ಕಿ ಹಕ್ಕಿ, ಟಗರುಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿನಿಂದ ಉರುಳಿಸುತ್ತಾರೆ. ಮೊದಲು ಅಲ್ಲಿ ಕಟ್ಟಿಹಾಕುತ್ತಿದ್ದುದು ಸಜೀವ ಪ್ರಾಣಿಗಳನ್ನೇ. ಕಬ್ಬಿಣ ಆಮೇಲೆ ಬಂದಿತು. ಹಾರುವ ಮಣ್ಣಿನ ಬಿಲ್ಲೆಗೆ ಇಂದಿಗೂ ಇಂಗ್ಲಿಷಿನಲ್ಲಿ ಪಾರಿವಾಳವೆಂದೇ ಹೆಸರು. ಏಕೆಂದರೆ ಅದಕ್ಕೂ ಮೊದಲು ಹಾರಿಸುತ್ತಿದ್ದುದು ನಿಜವಾದ ಪಾರಿವಾಳಗಳನ್ನು. 1900ರ ಪ್ಯಾರಿಸ್ ಕ್ರೀಡೆಗಳಲ್ಲಿಯೂ ಸಜೀವ ಪಾರಿವಾಳಗಳನ್ನು ಹಾರಿಬಿಟ್ಟು ಕೊಂದದ್ದುಂಟು. ಹಿಟ್ಟಿನ ಕೋಳಿಗೂ ಕಬ್ಬಿಣದ ಕೋಳಿಗೂ ಬದಲಾದುದು ದ್ರವ್ಯವೊಂದೇ. ಇನ್ನು ಮನುಷ್ಯಾಕೃತಿಯ ಹಲಗೆಯ ಎದೆಯ ಮೇಲೆ ವೃತ್ತ ಬರೆದು, ಕೆಲಸದ ಅಗತ್ಯವೇನೂ ಇಲ್ಲದೆ ಮೋಜಿಗಾಗಿ ಅದಕ್ಕೆ ಗುಂಡು ಹೊಡೆಯುವ ಶ್ರಾವಕನಿಗೆ ಏನು ಹೇಳೋಣ? ಯಶೋಧರನಾದರೂ ತಾಯಿಯ ಮಾತಿಗೆ ಮಣಿದು, ಅಳುಕುತ್ತಲೇ ಕತ್ತಿ ಹಿಡಿದನು. ಇವರಿಗೆ ಆ ಅಳುಕೂ ಇಲ್ಲ.

ಇಲ್ಲೊಂದು ಭೇದವನ್ನು ನ್ಯಾಯವಾಗಿ ಒಪ್ಪಬೇಕು. ಹತ್ತು ಮೀಟರ್ ದೂರದ ಕಾಗದದ ಬರಿಯ ವೃತ್ತಕ್ಕೆ ಗಾಳಿ ಬಂದೂಕಿನಿಂದ ಗುರಿಯಿಡುವ ಸ್ಪರ್ಧಾಳುವಿನ ಮುಂದೆ ಯಾವ ಜೀವಿಯ ಆಕೃತಿಯೂ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದುದೂ 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದುದೂ ಇಂತಹ ವೃತ್ತಗಳೆದುರಿನ ಸಾಧನೆಗಳು. ಅದು ಆಟ, ಅದಕ್ಕೆ ನಿಯಮ, ಗುರು, ಕಾಲಮಿತಿಗಳಿವೆ. ಆ ಹಾದಿ ಹಿಡಿದ ಮಕ್ಕಳನ್ನು ನಾನು ದೂರಲಾರೆ. ಆದರೆ ಅವರ ಪದಕಗಳನ್ನು ಗುರಾಣಿಯಾಗಿ ಹಿಡಿದು ತನ್ನ ಕಪಾಟಿನ ರಿವಾಲ್ವರನ್ನು ಸಮರ್ಥಿಸಿಕೊಳ್ಳುವ ಗೃಹಸ್ಥನ ವಾದವನ್ನು ಒಪ್ಪಲಾರೆ. “ಗುರಿಯಿಡುವಾಗ ಮನಸ್ಸು ಏಕಾಗ್ರವಾಗುತ್ತದೆ, ಅದೂ ಧ್ಯಾನವೇ” ಎಂದು ಅವನು ಹೇಳುವುದುಂಟು. ಏಕಾಗ್ರತೆಯೆಲ್ಲವೂ ಶುಭವಾದರೆ ಕೊಕ್ಕರೆಯೂ ತಪಸ್ವಿ. ಧ್ಯಾನದಲ್ಲಿ ಧರ್ಮ್ಯ, ಶುಕ್ಲಗಳಿರುವಂತೆ ಆರ್ತ, ರೌದ್ರಗಳೂ ಇವೆಯೆಂದು ಆಚಾರ್ಯರು ಎಚ್ಚರಿಸಿರುವುದು ಸುಮ್ಮನೆ ಅಲ್ಲ. ಹಿಂಸೆಯಲ್ಲಿ ಹರ್ಷಪಡುವುದೂ ಕೂಡಿಟ್ಟ ವಸ್ತುವಿನ ಸಂರಕ್ಷಣೆಯಲ್ಲಿ ಮುಳುಗಿರುವುದೂ ಎರಡೂ ರೌದ್ರಧ್ಯಾನದ ಪ್ರಕಾರಗಳೇ.

ಎರಡನೆಯ ವಾದ ಸಂಗ್ರಾಹಕರದು. “ನಾವು ಹಾರಿಸುವುದೇ ಇಲ್ಲ. ಇವು ಕಲಾಕೃತಿಗಳು, ಇತಿಹಾಸದ ಸಾಕ್ಷಿಗಳು.” ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಇವರಿಗಾಗಿಯೇ ಇದೆಯೆನ್ನಬಹುದು. ಕರ್ಮದ ಆಸ್ರವಕ್ಕೆ ಜೀವವೂ ಅಜೀವವೂ ಅಧಿಕರಣವಾಗುತ್ತವೆಂದು ಅಲ್ಲಿ ಹೇಳಿದೆ. ಕಪಾಟಿನ ವಸ್ತುವೂ ಆ ಲೆಕ್ಕಕ್ಕೆ ಬರುತ್ತದೆ. ಜೀವಾಧಿಕರಣವನ್ನು ವಿಂಗಡಿಸುವಾಗ ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಮೆಟ್ಟಿಲುಗಳನ್ನು ಹೇಳಿದ್ದಾರೆ. ಸಂರಂಭವೆಂದರೆ ಕಾರ್ಯದ ಸಂಕಲ್ಪ. ಸಮಾರಂಭವೆಂದರೆ ಅದರ ಸಾಧನಗಳನ್ನು ಕೂಡಿಸುವುದು. ಆರಂಭವೆಂದರೆ ಕಾರ್ಯಕ್ಕೆ ತೊಡಗುವುದು. ಇವನ್ನು ಮನ, ವಚನ, ಕಾಯಗಳಿಂದಲೂ ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಿಂದಲೂ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳು 108 ಇರುವುದಕ್ಕೆ ಹಿರಿಯರು ಇದನ್ನೇ ಕಾರಣವಾಗಿ ಹೇಳುವುದುಂಟು. ಸಮಾರಂಭವೆಂದರೆ ನಮಗೀಗ ಹಾರ ತುರಾಯಿಗಳ ಸಭೆ; ಶಾಸ್ತ್ರಕಾರರಿಗೆ ಅದು ಸಾಧನ ಸಂಗ್ರಹ. ಬಂದೂಕುಗಳನ್ನು ಕೂಡಿಡುವವನು ಹಾರಿಸದಿದ್ದರೂ ಎರಡನೆಯ ಮೆಟ್ಟಿಲ ಮೇಲೆಯೇ ನಿಂತಿರುತ್ತಾನೆ.

ಇತಿಹಾಸದ ಮಾತನ್ನೂ ಪರಿಶೀಲಿಸೋಣ. ಲಂಡನ್, ಬರ್ಮಿಂಗ್‌ಹ್ಯಾಮುಗಳಲ್ಲಿ ಕೆತ್ತನೆ ಮಾಡಿ ಕಳುಹಿಸಿದ ಆ ಸುಂದರ ಬಂದೂಕುಗಳು ನಮ್ಮ ದೇಶಕ್ಕೆ ಬಂದದ್ದು ಬಹುಮಟ್ಟಿಗೆ ಅಧಿಕಾರಿಗಳ, ಸಂಸ್ಥಾನಿಕರ ಶಿಕಾರಿಗಾಗಿ. ಅವುಗಳ ಇತಿಹಾಸವೆಂದರೆ ಹುಲಿ, ಕಾಟಿ, ಕಡವೆಗಳ ಮರಣದ ಇತಿಹಾಸ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಮೋಜಿಗೆ ಕಾನೂನು ಕೊನೆ ಹಾಡಿತು. ಇಂದು ನಮ್ಮ ಜಿಲ್ಲೆಯಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ. ನಮ್ಮ ಆಚಾರ್ಯರಂತೂ ಬೇಟೆಯನ್ನು ಜೂಜು, ಮದ್ಯಗಳ ಪಂಕ್ತಿಯಲ್ಲಿ ಸಪ್ತವ್ಯಸನಗಳೊಳಗೆ ಎಂದೋ ಸೇರಿಸಿದ್ದರು. ಕುಡಿಯುವುದಿಲ್ಲವೆಂದು ಹೇಳಿಕೊಂಡು ಮದ್ಯದ ಬಾಟಲಿಗಳನ್ನು ನಡುಮನೆಯಲ್ಲಿ ಸಾಲಾಗಿಡುವ ಶ್ರಾವಕನನ್ನು ನಾವು ಏನೆನ್ನುತ್ತೇವೆ? ಒಂದು ವ್ಯಸನದ ಪಾತ್ರೆಗೆ ಇರುವ ಲಜ್ಜೆ ಇನ್ನೊಂದರ ಪಾತ್ರೆಗೆ ಏಕಿಲ್ಲ? ಇದರ ಮೇಲೆ ಬೆಲೆಯ ಆಸೆ. 1980ರ ದಶಕದಲ್ಲಿ ವಿದೇಶಿ ಬಂದೂಕುಗಳ ಖಾಸಗಿ ಆಮದು ನಿಂತ ಮೇಲೆ ಹಳೆಯವುಗಳ ಬೆಲೆ ಏರಿತು. ಬಂಡವಾಳವೆಂದೂ ಇಟ್ಟುಕೊಳ್ಳುವವರಿದ್ದಾರೆ. ವ್ಯಾಪಾರಿಯಾಗಿ ಹೇಳುತ್ತೇನೆ: ಲಾಭ ಬರುವ ಸರಕುಗಳೆಲ್ಲವೂ ನಮ್ಮ ಅಂಗಡಿಗೆ ಸಲ್ಲುವುದಿಲ್ಲ. ಯಾವ ವ್ಯಾಪಾರ ಶ್ರಾವಕನಿಗೆ ಯೋಗ್ಯ, ಯಾವುದು ಅಯೋಗ್ಯ ಎಂಬ ಪಟ್ಟಿಯನ್ನು ನಮ್ಮ ಹಿರಿಯರು ಆಯವ್ಯಯ ನೋಡಿ ಮಾಡಿದವರಲ್ಲ.

ಮೂರನೆಯ ವಾದ ಪೂರ್ವಜರ ಹೆಸರಿನಲ್ಲಿ ಬರುತ್ತದೆ. “ಚಾವುಂಡರಾಯನು ಸೇನಾಪತಿಯಲ್ಲವೆ? ಗೇರುಸೊಪ್ಪೆಯ ಚೆನ್ನಭೈರಾದೇವಿ ಪೋರ್ಚುಗೀಸರ ಮೇಲೆ ಆಯುಧ ಹಿಡಿಯಲಿಲ್ಲವೆ?” ಹೌದು. ರಾಜ್ಯ ಕಾಯುವ ಹೊಣೆ ಹೊತ್ತವರ ವಿರೋಧೀ ಹಿಂಸೆ ಅದು. ಆದರೆ ಚಾವುಂಡರಾಯನ ಖಡ್ಗ ಇಂದು ಎಲ್ಲಿದೆಯೆಂದು ಯಾರೂ ಕೇಳುವುದಿಲ್ಲ. ವಿಂಧ್ಯಗಿರಿಯ ಗೊಮ್ಮಟನನ್ನೂ 978ರ ಆತನ ಪುರಾಣವನ್ನೂ ನೆನೆಯುತ್ತೇವೆ. ಗೇರುಸೊಪ್ಪೆಗೆ ಹೋದವರು ಕೈಮುಗಿಯುವುದು ಚತುರ್ಮುಖ ಬಸದಿಗೆ. ಭರತ ಬಾಹುಬಲಿಯರ ಪ್ರಸಂಗವನ್ನೂ ನೋಡಿ. ಪುರುದೇವನಿಗೆ ಕೇವಲಜ್ಞಾನ, ಆಯುಧಶಾಲೆಯಲ್ಲಿ ಚಕ್ರರತ್ನದ ಉದಯ, ಪುತ್ರಜನನ ಎಂಬ ಮೂರು ಸುದ್ದಿಗಳು ಒಟ್ಟಿಗೆ ಬಂದಾಗ ಭರತನು ಆಯುಧಶಾಲೆಗೆ ಓಡಲಿಲ್ಲ. ಮೊದಲು ಜಿನಪೂಜೆಗೆ ಹೋದನು. ಅಣ್ಣತಮ್ಮಂದಿರ ಕಲಹವನ್ನು ಮಂತ್ರಿಗಳು ದೃಷ್ಟಿ, ಜಲ, ಮಲ್ಲಯುದ್ಧಗಳೆಂಬ ನಿರಾಯುಧ ಸ್ಪರ್ಧೆಗೆ ತಿರುಗಿಸಿದರು. ಸೋತ ಭರತನು ಎಸೆದ ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ನಮ್ಮ ಪುರಾಣದಲ್ಲಿ ಚಕ್ರವರ್ತಿಯ ಆಯುಧಕ್ಕೆ ದೊರೆತ ಗೌರವ ಇಷ್ಟು!

ಕೊಡಗಿನ ಉದಾಹರಣೆಯನ್ನೂ ಕೆಲವರು ಕೊಡುತ್ತಾರೆ. ಕೈಲ್ ಮುಹೂರ್ತದಂದು ಕೋವಿಯನ್ನು ಪೂಜಿಸುವ ಕೊಡವರಿಗೆ ಪರವಾನಗಿಯಿಂದ ಸರ್ಕಾರ ವಿನಾಯಿತಿ ಕೊಟ್ಟಿದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಅದು ಅವರ ಕುಲಾಚಾರ. ಅದನ್ನು ತೂಗುವುದು ನಮ್ಮ ಕೆಲಸವಲ್ಲ. ದೀಪಾವಳಿಯಂದು ನಾವು ಪೂಜಿಸುವುದು ಖಾತೆ ಪುಸ್ತಕವನ್ನು. ನಮ್ಮ ಕುಲಾಚಾರ ಅದು.

ನಾಲ್ಕನೆಯದು ಆತ್ಮರಕ್ಷಣೆಯ ವಾದ. ನಿಜವಾದ ಭಯವಿದ್ದವನು ಕಾನೂನಿನಂತೆ ಒಂದು ಆಯುಧ ಇಟ್ಟುಕೊಂಡರೆ ಅದು ಹವ್ಯಾಸವಲ್ಲ, ಅದನ್ನು ಪ್ರದರ್ಶನಕ್ಕಿಡಬೇಕಾಗಿಯೂ ಇಲ್ಲ. ಸಾಲುಸಾಲಾಗಿ ಕೂಡಿಟ್ಟವನು ಭಯದ ಹೆಸರು ಹೇಳಬಾರದು. ಬ್ರಿಟಿಷರ ಆಯುಧ ಕಾಯ್ದೆಯನ್ನು ಗಾಂಧೀಜಿ 1918ರಲ್ಲಿ ಕಟುವಾಗಿ ಟೀಕಿಸಿದ್ದನ್ನು ಇವರು ಉದಾಹರಿಸುವುದುಂಟು. ಟೀಕಿಸಿದ್ದು ನಿಜ. ಆದರೆ ಹನ್ನೆರಡು ವರ್ಷಗಳ ಅನಂತರ, 1930ರ ಏಪ್ರಿಲ್‌ನಲ್ಲಿ, ಅದೇ ಗಾಂಧೀಜಿಯ ಕರೆಗೆ ಓಗೊಟ್ಟು ಅಂಕೋಲೆಯ ಜನ ಉಪ್ಪಿನ ಕಾಯ್ದೆಯನ್ನು ಮುರಿದದ್ದು ಬರಿಗೈಯಲ್ಲಿ. ಮುಂದೆ ಕರನಿರಾಕರಣೆಯಲ್ಲಿ ಈ ತಾಲೂಕಿನ ರೈತರು ಜಮೀನು ಕಳೆದುಕೊಂಡರು, ಸೆರೆಮನೆ ಕಂಡರು, ಬಂದೂಕು ಹಿಡಿಯಲಿಲ್ಲ. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿಯೆಂಬ ಹೆಸರು ಬಂದದ್ದು ಹಾಗೆ. ಅಹಿಂಸೆಯನ್ನು ಜನ್ಮದಿಂದ ಪಡೆದ ನಾವು, ಅದನ್ನು ಕಷ್ಟಪಟ್ಟು ಕಲಿತ ಈ ನೆಲದ ರೈತರಿಗಿಂತ ಹಿಂದೆ ಬೀಳುವುದೇ?

ಕಾನೂನು ಸಹ ಈಗ ನಮ್ಮ ವ್ರತದ ದಿಕ್ಕಿಗೆ ಒಂದು ಹೆಜ್ಜೆ ಇಟ್ಟಿದೆ. 2019ರ ತಿದ್ದುಪಡಿಯಿಂದ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು. ಪಿತ್ರಾರ್ಜಿತವಾಗಿ ಬಂದವೂ ಅದೇ ಲೆಕ್ಕಕ್ಕೆ ಸೇರಿದವು. ಮದುವೆ, ಮೆರವಣಿಗೆಗಳಲ್ಲಿ ಹರ್ಷಕ್ಕಾಗಿ ಅಜಾಗರೂಕತೆಯಿಂದ ಗುಂಡು ಹಾರಿಸುವವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದೆ. ಎಲ್ಲ ಪ್ರಜೆಗಳಿಗೂ ಸರ್ಕಾರ ಎಳೆದ ಗೆರೆ ಇದು. ಶ್ರಾವಕನ ಪರಿಗ್ರಹ ಪರಿಮಾಣ ಅಲ್ಲಿಗೇ ನಿಂತರೆ ಅವನ ವ್ರತಕ್ಕೆ ಬೇರೆ ಹೆಸರೇಕೆ?

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಮಕ್ಕಳ ವಿಷಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನ ಪಾಪಗಳನ್ನು, ಅಂದರೆ ಅನರ್ಥದಂಡಗಳನ್ನು, ಐದಾಗಿ ಎಣಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ಹಿಂಸಾದಾನವೆಂದರೆ ಕೊಲ್ಲುವ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದು. ಹುಟ್ಟುಹಬ್ಬಕ್ಕೆ ಹುಡುಗನಿಗೆ ಪರವಾನಗಿ ಬೇಡದ ಗಾಳಿ ಬಂದೂಕನ್ನು ಉಡುಗೊರೆಯಾಗಿ ಕೊಡುವ ತಂದೆ ಮಾಡುತ್ತಿರುವುದು ಅದನ್ನೇ. ಜಾತ್ರೆಯ ಬಲೂನಿನಿಂದ ಹಿತ್ತಿಲ ಗುಬ್ಬಿಯವರೆಗಿನ ದೂರ ಬಹಳವಿಲ್ಲ. ಅರುಣಾಚಲ ಪ್ರದೇಶದಲ್ಲಿ ಬೇಟೆ ಪರಂಪರೆಯೇ ಆಗಿದ್ದ ಹಳ್ಳಿಗಳ ಜನರು 2021ರಿಂದ ಆರಂಭವಾದ ಅಭಿಯಾನದಲ್ಲಿ ಸಾವಿರಾರು ಗಾಳಿ ಬಂದೂಕುಗಳನ್ನು ಹಕ್ಕಿಗಳ ಉಳಿವಿಗಾಗಿ ತಾವಾಗಿಯೇ ಒಪ್ಪಿಸಿದರು. ಅವರಿಗೆ ಯಾವ ಅಣುವ್ರತದ ಪಾಠವೂ ಆಗಿರಲಿಲ್ಲ.

ಆದಕಾರಣ ನಮ್ಮ ಕುಟುಂಬಗಳಲ್ಲೂ ಬಸದಿಗಳ ಆಡಳಿತ ಮಂಡಳಿಗಳಲ್ಲೂ ಕೆಲವು ವಿನಂತಿಗಳನ್ನು ಮುಂದಿಡುತ್ತೇನೆ. ಹಿರಿಯರಿಂದ ಬಂದ ಬಂದೂಕು ಮನೆಯಲ್ಲಿದ್ದು, ಅದರ ಅಗತ್ಯ ಮುಗಿದಿದ್ದರೆ, ಪರವಾನಗಿಯನ್ನು ಮಗನ ಹೆಸರಿಗೆ ಬದಲಾಯಿಸಲು ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡುವ ಬದಲು ಅದನ್ನು ಕಾನೂನಿನಂತೆ ಠಾಣೆಗೆ ಒಪ್ಪಿಸಿ. ನಿಜವಾಗಿಯೂ ಪುರಾತನವಾದುದಾದರೆ, ಅಧಿಕಾರಿಗಳ ಅನುಮತಿ ಪಡೆದು, ನಿಷ್ಕ್ರಿಯಗೊಳಿಸಿ ವಸ್ತುಸಂಗ್ರಹಾಲಯಕ್ಕೆ ಕೊಡಬಹುದು. ಇತಿಹಾಸ ಅಲ್ಲಿ ಉಳಿಯಲಿ, ಕೊಲ್ಲುವ ಶಕ್ತಿ ಅಳಿಯಲಿ. ಮಕ್ಕಳಿಗೆ ಗಾಳಿ ಬಂದೂಕನ್ನು ಕೊಡಬೇಡಿ. ಬಸದಿಯ ಉತ್ಸವ, ಪಲ್ಲಕ್ಕಿ ಮೆರವಣಿಗೆಗಳಲ್ಲಿ ಗೌರವದ ಹೆಸರಿನಲ್ಲಿ ಬಂದೂಕು ಹಿಡಿದವರನ್ನು ಮುಂದೆ ನಿಲ್ಲಿಸುವುದು, ಗುಂಡು ಹಾರಿಸುವುದು ಬೇಡವೆಂದು ಆಡಳಿತ ಮಂಡಳಿಗಳು ಠರಾವು ಮಾಡಲಿ. ಪಾಠಶಾಲೆಯ ಮಕ್ಕಳಿಗೆ ಅನರ್ಥದಂಡವ್ರತವನ್ನು ಕಲಿಸುವಾಗ ಕೊಡಲಿ, ಕತ್ತಿಗಳ ಜೊತೆಗೆ ಬಂದೂಕನ್ನೂ ಹೆಸರಿಸಿ ಹೇಳಿಕೊಡಲಿ. ದೊಡ್ಡ ದಾನಿಯ ಮನೆಯಲ್ಲಿ ಆ ಕಪಾಟು ಇದೆಯೆಂಬ ಸಂಕೋಚದಿಂದ ಉಪನ್ಯಾಸಕರು ಈ ಪಾಠವನ್ನು ಹಾರಿಸಿ ಮುಂದೆ ಹೋಗದಿರಲಿ. ದಾನಿಗೆ ಈ ಮಾತನ್ನು ವಿನಯದಿಂದ ಹೇಳುವುದು ಅವನಿಗೆ ಮಾಡುವ ಉಪಕಾರವೇ ಹೊರತು ಅಪಚಾರವಲ್ಲ.

ಅಗತ್ಯಕ್ಕೆ ಆಯುಧ ಹಿಡಿದವನಿಗೆ ಶಾಸ್ತ್ರದಲ್ಲಿ ಅವಕಾಶವುಂಟು, ಪ್ರಾಯಶ್ಚಿತ್ತವೂ ಉಂಟು. ಸಂತೋಷಕ್ಕೆ ಹಿಡಿದವನಿಗೆ ಆ ಅವಕಾಶವಿಲ್ಲ. ಪ್ರಾಯಶ್ಚಿತ್ತವಾದರೂ ಅದನ್ನು ಕೆಳಗಿಟ್ಟ ಮೇಲೆಯೇ ಮೊದಲಾಗಬೇಕು. ಬರುವ ದಶಲಕ್ಷಣ ಪರ್ವದಲ್ಲಿ ಸರ್ವ ಜೀವಿಗಳ ಕ್ಷಮೆ ಕೇಳಲು ಕೈ ಜೋಡಿಸುವ ಮೊದಲು ಆ ಕಪಾಟಿನ ಬೀಗದ ಕೈ ಯಾರ ಬಳಿಯಿದೆಯೆಂದು ಪ್ರತಿಯೊಂದು ಮನೆಯ ಯಜಮಾನನೂ ವಿಚಾರಿಸಿಕೊಳ್ಳಲಿ.