ಕನ್ನಡಕ್ಕೆ ಹೆಪ್ಪುಗಟ್ಟುವ ಶಕ್ತಿಯಿಲ್ಲವೇ?



"ಉನ್ನತ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದು, ಕನ್ನಡವೇನಿದ್ದರೂ ಕಥೆ, ಕವನಗಳಿಗೆ" ಎಂಬ ಮಾತನ್ನು ಈಚೆಗೆ ಮತ್ತೊಮ್ಮೆ ಕೇಳಿದೆ. ಹೇಳಿದವರು ಓದಿದವರು; ಕೇಳಿ ತಲೆದೂಗಿದವರು ಅಧ್ಯಾಪಕರು. ಸೋಮಾರಿತನಕ್ಕೆ ಸುತ್ತಿದ ಜರಿಪೇಟವೆಂದೇ ನಾನು ಈ ಮಾತನ್ನು ಭಾವಿಸುತ್ತೇನೆ. ವಾದಕ್ಕೆ ಸುಲಭವಾದ ವಿಷಯವನ್ನು ಆರಿಸಿಕೊಳ್ಳದೆ, ಇಂದಿನ ರಸಾಯನಶಾಸ್ತ್ರದಿಂದಲೇ ಒಂದನ್ನು ಎತ್ತಿಕೊಳ್ಳುತ್ತೇನೆ: ಬೇರೆ ಬೇರೆ ಬಗೆಯ ಅಣುಗಳು ತಾವಾಗಿಯೇ ಜೋಡಿಗೊಂಡು ರಚಿಸುವ ಮೃದುವಾದ ಜೆಲ್‌ಗಳು.

ಮನೆಯ ಮೊಸರಿನಿಂದ ಆರಂಭಿಸೋಣ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಮೊಸರಾದ ಮೇಲೂ ಆ ನೀರು ಅಲ್ಲಿಯೇ ಇದೆ. ಆದರೂ ಕುಡಿಕೆಯನ್ನು ಓರೆ ಮಾಡಿದರೆ ಗಟ್ಟಿಮೊಸರು ಹರಿಯದು. ಏಕೆ? ಹಾಲಿನ ಕೇಸೀನ್ ಪ್ರೋಟೀನುಗಳು ನಾಲ್ಕು ಬಗೆ. ಅವು ಕ್ಯಾಲ್ಸಿಯಂ ಫಾಸ್ಫೇಟಿನೊಡನೆ ಸೇರಿ ಕಣ್ಣಿಗೆ ಕಾಣದ ಉಂಡೆಗಳಾಗಿರುತ್ತವೆ. ಉಂಡೆಗಳ ಮೇಲಿನ ಋಣ ವಿದ್ಯುದಂಶವು ಅವು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸಿದಂತೆ ಆ ವಿದ್ಯುದಂಶ ಕುಗ್ಗಿ, ಉಂಡೆಗಳು ಅಂಟಿಕೊಂಡು ಬಲೆ ಹೆಣೆಯುತ್ತವೆ. ಬಲೆಯೊಳಗೆ ನೀರು ಸೆರೆಯಾಗುತ್ತದೆ. ಜೆಲ್ ಎಂದರೆ ಇಷ್ಟೇ.

ಇನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗೋಣ. ನಮ್ಮ ಯಕೃತ್ತು ಕೊಲೆಸ್ಟರಾಲಿನಿಂದ ತಯಾರಿಸುವ ಪಿತ್ತಾಮ್ಲದ ಅಣುವಿಗೆ ಎರಡು ಮೈ: ಒಂದು ನೀರಿಗೆ ಒಲಿಯುತ್ತದೆ, ಇನ್ನೊಂದು ಎಣ್ಣೆಗೆ. ಅಲ್ಲಿನ ಪ್ರೊ. ಉದಯ್ ಮೈತ್ರ ಮತ್ತು ಸಂಗಡಿಗರು ಇಂಥ ಅಣುವಿಗೆ ಎಲೆಕ್ಟ್ರಾನ್ ನೀಡಬಲ್ಲ ಪೈರೀನನ್ನು ಜೋಡಿಸಿ, ಎಲೆಕ್ಟ್ರಾನ್ ಬಯಸುವ ಟ್ರೈನೈಟ್ರೋಫ್ಲೋರಿನೋನಿನೊಡನೆ ಬೆರೆಸಿದರು. ಕೊಡುವವನೂ ಕೊಳ್ಳುವವನೂ ಸೇರಿದಾಗ ದ್ರವ ಹೆಪ್ಪುಗಟ್ಟಿತು, ಬಣ್ಣವನ್ನೂ ತಳೆಯಿತು. ಇದು ಪ್ರಕಟವಾದದ್ದು 1999ರಲ್ಲಿ. ಮುಂದೆ ಅದೇ ಪ್ರಯೋಗಾಲಯದಲ್ಲಿ ಪಿತ್ತಾಮ್ಲದ ಲವಣ, ಟರ್ಬಿಯಂ ಲೋಹ, ನ್ಯಾಫ್ತಲೀನ್ ವರ್ಗದ ಅಣು ಎಂಬ ಮೂರು ಸೇರಿದ ಜೆಲ್ ಬಂದಿತು. ನ್ಯಾಫ್ತಲೀನ್ ಅಣು ಅತಿನೇರಳೆ ಕಿರಣವನ್ನು ಹೀರಿ ಅದರ ಶಕ್ತಿಯನ್ನು ಟರ್ಬಿಯಮ್ಮಿಗೆ ದಾಟಿಸುತ್ತದೆ. ಟರ್ಬಿಯಂ ಹಸಿರಾಗಿ ಬೆಳಗುತ್ತದೆ. ಈ ಬೆಳಕಿನಿಂದ ಕಿಣ್ವಗಳನ್ನು ಪತ್ತೆ ಹಚ್ಚುವ ವಿಧಾನಗಳೂ ರೂಪುಗೊಂಡವು.

ಇದರಲ್ಲಿ ಯಾವ ವಾಕ್ಯ ನಿಮಗೆ ಅರ್ಥವಾಗಲಿಲ್ಲ? ಎಲೆಕ್ಟ್ರಾನ್, ಟರ್ಬಿಯಂ ಪದಗಳನ್ನು ಹಾಗೆಯೇ ಇರಿಸಿದ್ದೇನೆ. ಕಾಫಿ, ರೈಲುಗಳನ್ನು ಅರಗಿಸಿಕೊಂಡ ಭಾಷೆಗೆ ಇವು ಭಾರವಲ್ಲ. ಎಲ್ಲಕ್ಕೂ ಗಂಟಲಲ್ಲಿ ಇಳಿಯದ ಸಂಸ್ಕೃತ ಪದಗಳನ್ನು ಟಂಕಿಸಿ, ಅದೇ ಕನ್ನಡಸೇವೆ ಎನ್ನುವವರೂ ಮಕ್ಕಳನ್ನು ಅಷ್ಟೇ ಹೆದರಿಸಿದ್ದಾರೆ. "ಇದೆಲ್ಲ ನಮ್ಮ ಪೂರ್ವಿಕರಿಗೆ ತಿಳಿದಿತ್ತು" ಎನ್ನುವವರಿಗೂ ಒಂದು ಮಾತು: ನಮ್ಮ ಅಜ್ಜಿಯರಿಗೆ ಮೊಸರು ಮಾಡಲು ಬರುತ್ತಿತ್ತು, ಅದರ ಕಾರಣವನ್ನು ಕಂಡದ್ದು ದುಡಿದು ಪರೀಕ್ಷಿಸಿದವರು.

"ಮುಂದೆ ಇಂಗ್ಲಿಷಿನಲ್ಲಿಯೇ ಓದಬೇಕಲ್ಲ?" ಎಂಬ ಆಕ್ಷೇಪದಲ್ಲಿ ಹುರುಳಿದೆ. ಓದಲಿ. ಆದರೆ ತಿಳಿದ ವಿಷಯವನ್ನು ಹೊಸ ಭಾಷೆಯಲ್ಲಿ ಓದುವುದು ಬೇರೆ. ತಿಳಿಯದ ಭಾಷೆಯಲ್ಲಿ ತಿಳಿಯದ ವಿಷಯವನ್ನು ಉರುಹೊಡೆಯುವುದು ಬೇರೆ. ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಚುರುಕಾಗಿದ್ದ ಎಷ್ಟು ಮಕ್ಕಳು ಪಿಯುಸಿಯ ರಸಾಯನಶಾಸ್ತ್ರದಲ್ಲಿ ಮುಗ್ಗರಿಸಿ "ನಾನು ದಡ್ಡ" ಎಂದು ನಂಬಿ ಹೋದರು! ಆ ನಷ್ಟ ಭಾಷೆಗಲ್ಲ, ಆ ಮಕ್ಕಳಿಗೆ.

ಮಾಗಡಿ ತಾಲ್ಲೂಕಿನ ನಮ್ಮ ಕಲ್ಯವನ್ನೇ ನೋಡಿ. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ನಡೆದ ವಿವಾದವನ್ನು ಬಗೆಹರಿಸಿ, ಇವೆರಡು ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದ ಶಾಸನ ಶ್ರವಣಬೆಳಗೊಳದಲ್ಲಿದೆ, ಕಲ್ಯದಲ್ಲಿಯೂ ಇದೆ. ರಾಜ್ಯದ ಅಷ್ಟು ಸೂಕ್ಷ್ಮವಾದ ತೀರ್ಪನ್ನು ಕಲ್ಲಿನ ಮೇಲೆ ಹೊತ್ತ ಭಾಷೆ ಕನ್ನಡ. ಎರಡು ಮತಗಳ ಒಡಂಬಡಿಕೆಯನ್ನು ಹೇಳಬಲ್ಲ ನುಡಿ ಎರಡು ಅಣುಗಳ ಒಡಂಬಡಿಕೆಯನ್ನು ಹೇಳಲಾರದೇ?

ನನ್ನ ಶಿಷ್ಯರಲ್ಲಿ ಪ್ರಯೋಗಾಲಯ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಇರುವವರು ಹಲವರಿದ್ದೀರಿ. ನೀವು ಮಾಡುವ ಕೆಲಸದ ಬಗ್ಗೆ ಒಂದೇ ಒಂದು ಪುಟ ಕನ್ನಡದಲ್ಲಿ ಬರೆದು, ಓದಿದ ಶಾಲೆಯ ಮೇಷ್ಟರಿಗೆ ಕಳುಹಿಸಿ. ಕಾಗುಣಿತ ತಪ್ಪಿದ್ದರೆ ತಿದ್ದಲು ನಾನಿದ್ದೇನೆ.