ಲಿನ್ನೇಯಾ ಸಂಸ್ಕೃತದ ಹೆಸರಲ್ಲ



ಹೊರನಾಡಿನ ಹೆಸರೊಂದು ಮನೆಯ ಹೊಸ್ತಿಲು ತುಳಿದೊಡನೆ ಅದಕ್ಕೊಂದು ಸಂಸ್ಕೃತ ಮೂಲವನ್ನು ಹೊಸೆಯುವ ಚಾಳಿ ನಮ್ಮವರಲ್ಲಿ ಬಲವಾಗಿದೆ. ಸ್ವೀಡನ್ನಿನಲ್ಲಿ ನೆಲೆಸಿರುವ ನಮ್ಮ ಬಂಧುಗಳು ಮಗಳಿಗೆ ‘ಲಿನ್ನೇಯಾ’ ಎಂದು ಹೆಸರಿಡಬಯಸಿದಾಗ ಹಿರಿಯರು ಮುಖ ಸಿಂಡರಿಸಿದರು. ಅದು ‘ಲೀನಾ’ ಎಂಬುದರ ಅಪಭ್ರಂಶವೆಂದು ಯಾರೋ ಹೇಳಿದ್ದೇ ತಡ, ಎಲ್ಲರೂ ಒಪ್ಪಿದರು. ಅವರ ನಿರಾಕರಣೆಗಿಂತ ಈ ಒಪ್ಪಿಗೆಯೇ ನನಗೆ ಹೆಚ್ಚು ಅಸಮಾಧಾನ ತಂದಿದೆ.

ಧ್ವನಿಸಾಮ್ಯವೊಂದೇ ವ್ಯುತ್ಪತ್ತಿಯಾಗದು. ಈ ಹೆಸರಿನ ಚರಿತ್ರೆ ಸ್ಪಷ್ಟವಾಗಿದೆ. ದಕ್ಷಿಣ ಸ್ವೀಡನ್ನಿನ ಸ್ಮೋಲಾಂಡ್ ಪ್ರಾಂತ್ಯದ ನಿಲ್ಸ್ ಇಂಗೆಮಾರ್‌ಸನ್‌ನಿಗೆ ‘ಇಂಗೆಮಾರನ ಮಗ’ ಎಂಬುದಲ್ಲದೆ ಬೇರೆ ಮನೆತನದ ಹೆಸರಿರಲಿಲ್ಲ. ವಿಶ್ವವಿದ್ಯಾಲಯ ಸೇರುವಾಗ ಅದು ಬೇಕಾಯಿತು. ಪೂರ್ವಿಕರ ಜಮೀನಿನಲ್ಲಿದ್ದ ಲಿಂಡೆನ್ ಎಂಬ ಹೆಮ್ಮರವನ್ನು ನೆನೆದು, ‘ಲಿನ್ನೇಯಸ್’ ಎಂಬ ಲ್ಯಾಟಿನ್ ರೂಪದ ಹೆಸರನ್ನು ಆತ ಧರಿಸಿದ. ಅವನ ಮಗನೇ 1707ರಲ್ಲಿ ಜನಿಸಿದ ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನ್ನೇಯಸ್.

ಉತ್ತರದ ಕಾಡುಗಳಲ್ಲಿ ನೆಲಕ್ಕಂಟಿ ಹಬ್ಬುವ, ಒಂದೇ ದಂಟಿನಿಂದ ಜೋಡಿಗಂಟೆಗಳಂತೆ ತೂಗುವ ನಸುಗೆಂಪು ಹೂವು ಕಾರ್ಲನಿಗೆ ಅಚ್ಚುಮೆಚ್ಚಾಗಿತ್ತು. ಅವನ ಗೌರವಾರ್ಥವಾಗಿ ಡಚ್ ವಿದ್ವಾಂಸ ಗ್ರೊನೋವಿಯಸ್ ಅದನ್ನು ‘ಲಿನ್ನೇಯಾ’ ಎಂದು ಕರೆದ. 1753ರ ‘ಸ್ಪೀಶೀಸ್ ಪ್ಲಾಂಟೇರಮ್’ ಗ್ರಂಥದಲ್ಲಿ ಅದು ‘ಲಿನ್ನೇಯಾ ಬೋರಿಯಾಲಿಸ್’ ಎಂದು ದಾಖಲಾಯಿತು. ಹೆಣ್ಣುಮಕ್ಕಳಿಗೆ ಈ ಹೆಸರನ್ನಿಡುವುದು 19ನೆಯ ಶತಮಾನದಲ್ಲಿ ರೂಢಿಗೆ ಬಂತು. ಆದ್ದರಿಂದ ಇದು ಪ್ರಾಚೀನ ನಾರ್ಸ್ ದೇವತೆಯ ಹೆಸರೂ ಅಲ್ಲ.

“ಕೂಸಿನ ಹೆಸರಿಗೆ ಇಷ್ಟೊಂದು ವಾದವೇಕೆ, ಮೇಷ್ಟ್ರೇ?” ಎನ್ನುವವರಿದ್ದಾರೆ. ಅವರಿಗೊಂದು ಪ್ರಶ್ನೆ. ನಮ್ಮ ಪಾರಿಜಾತಕ್ಕೆ ‘ನಿಕ್ಟಾಂತಿಸ್ ಆರ್ಬಾರ್-ಟ್ರಿಸ್ಟಿಸ್’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟವನೂ ಇದೇ ಲಿನ್ನೇಯಸ್, ಅದೇ ಗ್ರಂಥದಲ್ಲಿ. ಆ ಕಾರಣಕ್ಕೆ ‘ಪಾರಿಜಾತ’ ಎಂಬ ಪದವೇ ಲ್ಯಾಟಿನ್ನಿನದೆಂದು ಸ್ವೀಡನ್ನಿನವರು ಸಾಧಿಸಹೊರಟರೆ ನಾವು ಸುಮ್ಮನಿರುತ್ತೇವೆಯೇ? ಅವರು ಮಾಡಿದರೆ ಅಪಚಾರವೆನಿಸುವುದು ನಾವು ಮಾಡಿದರೆ ಅಭಿಮಾನ ಹೇಗಾದೀತು?

ಹೂವಿನ ಹೆಸರನ್ನು ಮಗಳಿಗಿಡುವುದು ನಮಗೇನೂ ಅಪರಿಚಿತವಲ್ಲ. ಕಮಲ, ಮಲ್ಲಿಕಾ, ಚಂಪಾ ಎಂದು ನಾನೇ ಎಷ್ಟು ಬಾರಿ ಹಾಜರಿ ಕೂಗಿಲ್ಲ! ಆ ಬಾಂಧವ್ಯ ನಿಜವಾದದ್ದು. ಅದಕ್ಕೆ ಸುಳ್ಳು ವಂಶಾವಳಿ ಬೇಕಾಗಿಲ್ಲ. ಹೆಸರು ಒಪ್ಪಿಗೆಯಾಗದಿದ್ದರೆ ಹಿರಿಯರು ಹಾಗೆಂದೇ ಹೇಳಲಿ, ಅದರಲ್ಲಿ ಪ್ರಾಮಾಣಿಕತೆಯಿದೆ. ಒಪ್ಪುವುದಾದರೆ ಅನ್ಯನಾಡಿನ ಹೂವೆಂದು ತಿಳಿದೇ ಒಪ್ಪಲಿ. ನಾಳೆ ಆ ಹುಡುಗಿ ತನ್ನ ಹೆಸರಿನ ಅರ್ಥ ಕೇಳಿದಾಗ ನಾವು ಕೊಡುವ ಉತ್ತರ, ಆಕೆ ಅಲ್ಲಿಯ ಕಾಡಿನಲ್ಲಿ ಕಣ್ಣಾರೆ ಕಾಣುವ ಹೂವಿಗೆ ವಿರುದ್ಧವಾಗಿರಬಾರದು.