ಆ ಬಿಳಿಯ ಚುಕ್ಕೆ ಯಾರದು?

ಬೇಸಿಗೆ ರಜೆ ಬಂತೆಂದರೆ ನಮ್ಮ ನಲ್ಲೂರಿನ ಮನೆಗೆ ತಂಗಿಯ ಮಗ ಬರುವುದು ವಾಡಿಕೆ. ಮೊದಲೆಲ್ಲ ಬರುವಾಗ ಒಂದು ಚೀಲದಲ್ಲಿ ಬಟ್ಟೆ, ಕಂಕುಳಲ್ಲಿ ಕ್ರಿಕೆಟ್ ಬ್ಯಾಟು ಇರುತ್ತಿತ್ತು. ಈ ಸಲ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿ ದಾವಣಗೆರೆಯಿಂದ ಬಂದವನು ಅವರಪ್ಪನ ಕಾರಿನಲ್ಲಿ ಕಂಪ್ಯೂಟರನ್ನೇ ಹೇರಿಕೊಂಡು ಬಂದಿದ್ದ. ಜೊತೆಗೆ ಬಸ್ಸಿನ ಗೇರಿನಂಥ ಒಂದು ಕೋಲು. "ಏನೋ ಇದು, ಹಿಟ್ಟಿನ ಗಿರಣಿ ಹಾಕ್ತೀಯಾ?" ಎಂದೆ. "ವಿಮಾನ ಓಡಿಸೋಕೆ ದೊಡ್ಡಮ್ಮ" ಎಂದ. ಸಂಜೆಯ ಹೊತ್ತಿಗೆ ನಮ್ಮ ನಡುಮನೆಯ ಮೂಲೆ ವಿಮಾನ ನಿಲ್ದಾಣವಾಗಿತ್ತು. ಕರೆಂಟು ಹೋದಾಗಲೆಲ್ಲ ವಿಮಾನ ಆಕಾಶದಲ್ಲೇ ಮಾಯವಾಗುತ್ತಿತ್ತು ಎನ್ನುವುದೊಂದೇ ನನಗೆ ಸಮಾಧಾನ.

ಆ ಆಟದ ಹೆಸರು ಡಿಸಿಎಸ್ ವರ್ಲ್ಡ್. ನಮ್ಮ ಕಾಲದ ಚೌಕಾಬಾರದ ಹಾಗೆ ಕವಡೆ ಎಸೆದು ಆಡುವಂಥದ್ದಲ್ಲ. ಎರಡು ವಿಮಾನ ಪುಕ್ಕಟೆ ಕೊಡುತ್ತಾರೆ, ಉಳಿದವನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಇವನು ಹಬ್ಬಕ್ಕೆ ಸಿಕ್ಕ ದುಡ್ಡನ್ನೆಲ್ಲ ಕೂಡಿಟ್ಟು ಅಮೆರಿಕದ ಎ–10ಸಿ ಎಂಬ ಯುದ್ಧವಿಮಾನ ಕೊಂಡಿದ್ದ. ಅದರ ಕೈಪಿಡಿ ನೂರಾರು ಪುಟ, ಎಲ್ಲವೂ ಇಂಗ್ಲಿಷ್. ಪಠ್ಯಪುಸ್ತಕದ ಎರಡು ಪುಟ ಓದಲು ಆಕಳಿಸುತ್ತಿದ್ದ ಹುಡುಗ ಇದನ್ನು ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು ಓದುತ್ತಿದ್ದ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಾಗಿ ನಾನು ಇದನ್ನು ಸುಳ್ಳೆನ್ನಲಾರೆ. ಕಲಿಕೆ ಅಲ್ಲಿದೆ, ಶ್ರದ್ಧೆಯೂ ಇದೆ.

ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದ. ವಿಮಾನದ ರೆಕ್ಕೆಯಡಿ ಟಾರ್ಗೆಟಿಂಗ್ ಪಾಡ್ ಎಂಬ ಉದ್ದನೆಯ ಡಬ್ಬಿಯಿದೆ, ಅದರ ತುದಿಯಲ್ಲಿ ಕಣ್ಣಿದೆ. ಅದು ಹಗಲಿನಲ್ಲಿ ಟಿ.ವಿ. ಕ್ಯಾಮೆರಾದಂತೆ ನೋಡುತ್ತದೆ, ಕತ್ತಲಲ್ಲಿ ಶಾಖವನ್ನು ನೋಡುತ್ತದೆ. ಬಿಸಿಯಾದದ್ದೆಲ್ಲ ಬೆಳ್ಳಗೆ, ತಣ್ಣಗಿದ್ದದ್ದೆಲ್ಲ ಕಪ್ಪಗೆ. ಬೇಕಾದರೆ ಇದನ್ನು ತಿರುವು ಮುರುವು ಮಾಡಿಕೊಳ್ಳಬಹುದು. ಬೇಕಾದ ಚುಕ್ಕೆಯ ಮೇಲೆ ಗೆರೆ ಕೂರಿಸಿ ಗುಂಡಿ ಒತ್ತಿದರೆ, ವಿಮಾನ ಎತ್ತ ತಿರುಗಿದರೂ ಕಣ್ಣು ಆ ಚುಕ್ಕೆಯನ್ನು ಬಿಡುವುದಿಲ್ಲ. ಆಮೇಲೆ ಲೇಸರ್. ಆ ಕಿರಣ ಹೋಗಿ ಗುರಿಗೆ ಬಡಿದು ಚದುರುತ್ತದೆ, ಚದುರಿದ ಬೆಳಕಿನ ಜಾಡು ಹಿಡಿದು ಬಾಂಬು ಹೋಗುತ್ತದೆ. ನಡುವೆ ಮೋಡ ಬಂದರೆ ಎಲ್ಲವೂ ಕೆಟ್ಟಿತು. ಇಷ್ಟನ್ನು ಅವನು ನನ್ನಂಥವಳಿಗೂ ಅರ್ಥವಾಗುವಂತೆ ಹೇಳಿದ. ಮೇಷ್ಟ್ರಾಗುವ ಲಕ್ಷಣವಿದೆ ಎಂದುಕೊಂಡೆ.

ಆಟದ ನೆಲ ಜಾರ್ಜಿಯಾ ದೇಶದ್ದು. ಕಾಕಸಸ್ ಬೆಟ್ಟಗಳು, ಕುಟೈಸಿ, ಸೆನಾಕಿ ಎಂಬ ನಿಜವಾದ ಊರುಗಳು. ಆ ದೇಶದಲ್ಲಿ 2008ರ ಆಗಸ್ಟ್‌ನಲ್ಲಿ ನಿಜವಾದ ಯುದ್ಧವೂ ನಡೆದಿತ್ತು. ಪರದೆಯ ಮೇಲೆ ಮನೆಗಳಿದ್ದವು, ರಸ್ತೆಗಳಿದ್ದವು. ಅಂಗಳದಲ್ಲಿ ಜನರಿರಲಿಲ್ಲ, ಒಣಹಾಕಿದ ಒಂದು ಸೀರೆಯೂ ಇರಲಿಲ್ಲ.

ರಾತ್ರಿಯ ಆಟ. ರಸ್ತೆಯಲ್ಲಿ ಸಾಲಾಗಿ ನಾಲ್ಕು ಬಿಳಿಯ ಚುಕ್ಕೆ. ಒಂದೊಂದಾಗಿ ಹೊಡೆದ. ಸ್ವಲ್ಪ ದೂರದಲ್ಲಿ ಇನ್ನೊಂದು ಚುಕ್ಕೆ ನಿಂತಿತ್ತು. "ಅದು ಯಾರದೋ?" ಎಂದೆ. "ಗೊತ್ತಿಲ್ಲ ದೊಡ್ಡಮ್ಮ, ಬಿಸಿ ಇದೆ, ಅಷ್ಟೆ" ಎಂದು ಒತ್ತಿಯೇಬಿಟ್ಟ. ಆಟ ಮುಗಿದ ಮೇಲೆ ಏನೇನು ಹೊಡೆದೆ ಎಂಬ ಪಟ್ಟಿ ಬಂತು. "ಅಯ್ಯೋ, ಅದು ನಮ್ಮ ಕಡೆ ಗಾಡಿ!" ಎಂದು ಬಿದ್ದು ಬಿದ್ದು ನಕ್ಕ. ನಗು ಮುಗಿಸಿ, "ಪರವಾಗಿಲ್ಲ, ಮತ್ತೆ ಶುರು ಮಾಡ್ತೀನಿ" ಎಂದ.

ನನ್ನ ಜಗಳ ಶುರುವಾದದ್ದು ಆ ಮಾತಿನಿಂದ.

ಮೊದಲು ನಮ್ಮ ಯಜಮಾನರು: "ಆಟ ಕಣೆ ಅದು, ನಿನ್ನದೊಂದು ಅತಿ." ಆಮೇಲೆ ಫೋನಿನಲ್ಲಿ ಭಾವ: "ಏಕಾಗ್ರತೆ ಬರುತ್ತೆ ಅಕ್ಕಾರೇ, ನಾಳೆ ಪೈಲಟ್ ಆದರೂ ಆದ." ಕೊನೆಗೆ ನನ್ನ ತಂಗಿ: "ಬೀದಿ ಅಲೆಯೋದಿಲ್ಲ, ಕೆಟ್ಟ ಸಹವಾಸ ಇಲ್ಲ, ಕಣ್ಣೆದುರಿಗೇ ಇರ್ತಾನಲ್ಲಕ್ಕ." ಈ ಕೊನೆಯ ಮಾತನ್ನು ನೀವೂ ಆಡಿರುತ್ತೀರಿ. ಮನೆಯಲ್ಲಿ ಮಗು ಸದ್ದಿಲ್ಲದೆ ಕೂತಿದೆ ಎಂದರೆ ನಮಗೆಲ್ಲ ಎಷ್ಟೋ ನೆಮ್ಮದಿ. ಆದರೆ ಕಣ್ಣೆದುರಿಗಿರುವ ಮಗುವಿನ ಕಣ್ಣೆದುರಿಗೆ ಏನಿದೆ ಎಂದು ನೋಡುವವರು ಯಾರು?

ನನ್ನ ತಕರಾರು ಬಾಂಬಿನ ಸದ್ದಿನ ಬಗ್ಗೆ ಅಲ್ಲ, ಯಂತ್ರದ ಬಗ್ಗೆಯೂ ಅಲ್ಲ. ಯಂತ್ರ ತೋರಿಸುತ್ತದೆ, ಗುರುತು ಹಿಡಿಯಬೇಕಾದವನು ಮನುಷ್ಯ. ಈ ಎರಡರ ನಡುವೆ ಒಂದು ಹೊಸ್ತಿಲಿದೆ. ಅದನ್ನು ದಾಟುವ ಮುನ್ನ ನಿಂತು 'ಯಾರದು?' ಎಂದು ಕೇಳಬೇಕು. ನಮ್ಮ ಹುಡುಗನ ಆಟದಲ್ಲಿ ಆ ಹೊಸ್ತಿಲೇ ಸವೆದುಹೋಗಿದೆ. ರೊಟ್ಟಿಯ ಹಂಚಿನ ಮೇಲೆ ಅಂಗೈ ಹಿಡಿದರೆ ಕಾದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಯಾರ ಮನೆಯ ಹಂಚು, ಯಾರ ಹಸಿವಿಗೆ ಕಾದಿದೆ ಎಂಬುದು ಅಂಗೈಗೆ ಗೊತ್ತಾದೀತೆ?

"ಆಟದಲ್ಲಿ ತಾನೆ ತಪ್ಪಾಗುವುದು, ನಿಜವಾದವರು ತಪ್ಪುವುದಿಲ್ಲ" ಎಂದು ಭಾವ ವಾದಿಸಿದರು. ನಾನು 2019ರ ಫೆಬ್ರವರಿ 27ನ್ನು ನೆನಪಿಸಿದೆ. ಬಾಲಾಕೋಟ್ ದಾಳಿಯ ಮರುದಿನ ಶ್ರೀನಗರದ ಬಳಿ ಬಡಗಾಮಿನಲ್ಲಿ ನಮ್ಮ ವಾಯುಪಡೆಯದೇ ಎಂಐ–17 ಹೆಲಿಕಾಪ್ಟರನ್ನು ನಮ್ಮದೇ ಕ್ಷಿಪಣಿ ಹೊಡೆದುರುಳಿಸಿತು. ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ, ಒಟ್ಟು ಏಳು ಜೀವ. ಅದೇ ವರ್ಷದ ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥ ಭದೌರಿಯಾ ಅವರು ಇದು ನಮ್ಮಿಂದಾದ ದೊಡ್ಡ ತಪ್ಪು ಎಂದು ಒಪ್ಪಿಕೊಂಡರು. ವಿಮಾನಗಳಲ್ಲಿ ಐಎಫ್‌ಎಫ್ ಎಂಬ ಸಲಕರಣೆ ಇರುತ್ತದೆ. ನೆಲದ ರೇಡಾರು 'ನೀನು ಯಾರು?' ಎಂದು ಕೇಳಿದರೆ ಅದು 'ನಿಮ್ಮವನು' ಎಂದು ಉತ್ತರ ಕೊಡುತ್ತದೆ. ನಾನು ದಿನಾ ಹಾಜರಿ ಕರೆಯುವವಳು. ಹೆಸರು ಕೂಗಿದಾಗ ಉತ್ತರ ಬಾರದಿದ್ದರೆ ಹುಡುಗಿ ಚಕ್ಕರ್ ಹೊಡೆದಳು ಎಂದೇ ಅರ್ಥವಲ್ಲ. ನಲ್ಲಿಯ ಹತ್ತಿರ ನೀರು ಕುಡಿಯುತ್ತಿರಬಹುದು, ಗಂಟಲು ಕಟ್ಟಿರಬಹುದು. ಉತ್ತರ ಬರಲಿಲ್ಲ ಎಂದರೆ ಶತ್ರು ಎಂದಲ್ಲ, ಇನ್ನೂ ಗೊತ್ತಿಲ್ಲ ಎಂದಷ್ಟೇ. ಬಡಗಾಮಿನಲ್ಲಿ ಸತ್ತವರ ತಾಯಂದಿರಿಗೆ 'ಮತ್ತೆ ಶುರು ಮಾಡ್ತೀನಿ' ಎನ್ನಲು ಯಾರಿಗೆ ಬಾಯಿ ಬಂದೀತು?

ಇನ್ನೊಂದು ಸಂಗತಿ ಹೇಳಲೇಬೇಕು, ಅದು ನೀರಿನ ಸಂಗತಿ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೆರಿಕದ ಡ್ರೋನೊಂದು ಒಂದು ಬಿಳಿ ಕಾರನ್ನು ಗಂಟೆಗಟ್ಟಲೆ ಹಿಂಬಾಲಿಸಿತು. ಕಾರಿನಲ್ಲಿದ್ದವನು ಏನೋ ಡಬ್ಬಿಗಳನ್ನು ತುಂಬಿಕೊಳ್ಳುವುದು ಆಕಾಶದ ಕಣ್ಣಿಗೆ ಕಂಡಿತು. ಸ್ಫೋಟಕವೆಂದು ತಿಳಿದು, ಕಾರು ಮನೆಯ ಅಂಗಳ ಸೇರಿದ ಹೊತ್ತಿಗೆ ಕ್ಷಿಪಣಿ ಹಾರಿಸಿದರು. ಸತ್ತವರು ಹತ್ತು ಮಂದಿ, ಅವರಲ್ಲಿ ಏಳು ಮಕ್ಕಳು. ಆತ ಪರಿಹಾರ ಸಂಸ್ಥೆಯೊಂದರ ನೌಕರ, ಡಬ್ಬಿಗಳಲ್ಲಿದ್ದದ್ದು ಮನೆಗೆ ಒಯ್ಯುತ್ತಿದ್ದ ನೀರು. ಸೆಪ್ಟೆಂಬರ್ 17ರಂದು ಅಮೆರಿಕದ ಸೇನೆಯೇ ಅದು ತಪ್ಪೆಂದು ಒಪ್ಪಿತು. ಆ ಕಣ್ಣಿಗೆ ದೃಷ್ಟಿದೋಷವಿರಲಿಲ್ಲ. ಕಾರು ಕಂಡಿತು, ಡಬ್ಬಿ ಕಂಡಿತು, ಗಂಡಸು ಕಂಡ. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಕೊಡ ಹಿಡಿದು ಅಲೆದವರಾದ ನಮಗೆ, ಮನೆಗೆ ನೀರು ತರುವವನ ನಡಿಗೆ ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಆ ಪರದೆಯ ಮುಂದೆ ಕೂತವರಿಗೆ ಅದು ಹೊಳೆಯಲಿಲ್ಲ.

ಇದೆಲ್ಲ ದೂರದ ದೇಶದ ಮಾತು ಎನ್ನಬೇಡಿ. ನಮ್ಮ ಪಕ್ಕದ ಜಿಲ್ಲೆಯ ಚಳ್ಳಕೆರೆಯಲ್ಲಿ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ಏರೋನಾಟಿಕಲ್ ಟೆಸ್ಟ್ ರೇಂಜ್ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. 2019ರ ಸೆಪ್ಟೆಂಬರ್ 17ರಂದು ರುಸ್ತುಂ–2 ಎಂಬ ಅಂಥದೊಂದು ವಿಮಾನ ಜೋಡಿಚಿಕ್ಕೇನಹಳ್ಳಿಯ ಬಳಿ ಬಿದ್ದಾಗ ಊರಿಗೆ ಊರೇ ನೋಡಲು ನೆರೆದಿತ್ತು. ಅದನ್ನು ರೂಪಿಸಿದ್ದು ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್. ಪೈಲಟ್‌ಗಳ ತರಬೇತಿಗೆ ಬೇಕಾದ ಸಿಮ್ಯುಲೇಟರುಗಳನ್ನು ಮಾಡುವುದೂ ಅದೇ ಸಂಸ್ಥೆ. ದೇಶಕ್ಕೆ ಇವು ಬೇಡವೆಂದು ನಾನು ಹೇಳುತ್ತಿಲ್ಲ. ಆಕಾಶದ ಕಣ್ಣು ನಮ್ಮ ತೋಟಗಳ ಮೇಲೂ ಹಾದುಹೋಗುವ ಕಾಲವಿದು ಎನ್ನುತ್ತಿದ್ದೇನೆ, ಅಷ್ಟೆ.

ಒಂದು ಕ್ಷಣ ನಮ್ಮ ಚನ್ನಗಿರಿ ಸೀಮೆಯ ಸುಗ್ಗಿಯ ರಾತ್ರಿಯನ್ನು ಆ ಕಣ್ಣಿನಿಂದ ನೋಡಿ. ಅಡಿಕೆ ಬೇಯಿಸುವ ಹಂಡೆಯಡಿ ಬೆಂಕಿ; ಅದು ದೊಡ್ಡ ಬಿಳಿಯ ಚುಕ್ಕೆ. ಸುತ್ತ ಕೂತು ಅಡಿಕೆ ಸುಲಿಯುವ ಹತ್ತು ಹದಿನೈದು ಹೆಂಗಸರು. ಅವರು ಸಣ್ಣ ಬಿಳಿಯ ಚುಕ್ಕೆಗಳು. ಮಡಿಲಲ್ಲಿ ನಿದ್ದೆ ಹೋದ ಮಗು ತಾಯಿಯ ಚುಕ್ಕೆಯಲ್ಲೇ ಸೇರಿಹೋಗಿ ಕಾಣಿಸುವುದೂ ಇಲ್ಲ. ಆ ಕಣ್ಣಿಗೆ ಅವರ ಹರಟೆ ಕೇಳಿಸುವುದಿಲ್ಲ, ಬೆರಳಿಗೆ ಸುತ್ತಿದ ಬಟ್ಟೆ ಕಾಣುವುದಿಲ್ಲ. ಇದನ್ನು ಹುಡುಗನಿಗೆ ಹೇಳಿದಾಗ ಮೊದಲ ಸಲ ಅವನು ಸುಮ್ಮನಾದ. ಅವನಮ್ಮ, ನಾನು, ಇಬ್ಬರೂ ಹಾಗೆ ಕೂತು ಸುಲಿದವರೇ.

ಭಾವನವರ ಕೊನೆಯ ಅಸ್ತ್ರ ದೇಶಭಕ್ತಿ. ಅದಕ್ಕೂ ಉತ್ತರವಿದೆ. 1999ರ ಜೂನ್ 24ರಂದು ಟೈಗರ್ ಹಿಲ್ ಮೇಲೆ ನಮ್ಮ ಮಿರಾಜ್ 2000 ವಿಮಾನಗಳು ಇದೇ ರೀತಿಯ ಲೈಟನಿಂಗ್ ಪಾಡಿನಿಂದ ಗುರಿ ಹಿಡಿದು ಲೇಸರ್ ಬಾಂಬು ಹಾಕಿದವು. ಆ ಪೈಲಟ್‌ಗಳಿಗೆ ನಿಯಂತ್ರಣ ರೇಖೆ ದಾಟಕೂಡದೆಂಬ ಕಟ್ಟಪ್ಪಣೆಯಿತ್ತು. ಕೈಯಲ್ಲಿ ಅಷ್ಟು ಬಲವಿದ್ದೂ ಗೆರೆ ದಾಟದೆ ಇದ್ದದ್ದು ಅವರ ದೊಡ್ಡತನ. ನಮ್ಮ ಹುಡುಗರು ಅವರ ಬಾಂಬನ್ನು ನೆನಪಿಟ್ಟಿದ್ದಾರೆ, ಗೆರೆಯನ್ನು ಮರೆತಿದ್ದಾರೆ. ಇದು ಗಂಡುಮಕ್ಕಳ ವಿಷಯವೆಂದು ಪುಟ ತಿರುವಬೇಡಿ. 2016ರ ಜೂನ್‌ನಲ್ಲಿ ಯುದ್ಧವಿಮಾನ ವಿಭಾಗಕ್ಕೆ ಸೇರಿದ ಮೊದಲ ಮೂವರು ಹೆಣ್ಣುಮಕ್ಕಳು ಮುಂದಿನ ತರಬೇತಿಗೆ ಬಂದದ್ದು ನಮ್ಮ ಬೀದರಿಗೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಹೆಣ್ಣುಮಕ್ಕಳ ಮೊದಲ ತಂಡದ 17 ಮಂದಿ 2025ರ ಮೇ 30ರಂದು ಓದು ಮುಗಿಸಿ ಹೊರಬಂದರು. ನಾಳೆ ಆ ಗುಂಡಿಯ ಮೇಲೆ ಬೆರಳಿಡುವವಳು ನಮ್ಮ ಮನೆಯ ಹುಡುಗಿಯೂ ಆಗಿರಬಹುದು. ಒತ್ತಲು ಕಲಿತಷ್ಟೇ ಒತ್ತದಿರಲೂ ಅವಳು ಕಲಿತಿರಬೇಡವೆ?

ಇನ್ನು ನಮ್ಮ ವಿಷಯ. 2025ರ ಮೇ ತಿಂಗಳ ಆ ನಾಲ್ಕು ದಿನ ನಮ್ಮ ಫೋನುಗಳಿಗೆ ಎಷ್ಟು ವಿಡಿಯೋ ಬಂದವು! ಅವುಗಳಲ್ಲಿ ಕೆಲವು ಯುದ್ಧದ್ದೇ ಅಲ್ಲ, ಆರ್ಮಾ 3 ಎಂಬ ಆಟದ ತುಣುಕುಗಳು. ಆ ಆಟ ಮಾಡಿದ ಕಂಪನಿಯೇ 2022ರ ನವೆಂಬರಿನಲ್ಲಿ, ನಮ್ಮ ಆಟವನ್ನು ನಿಜವಾದ ಯುದ್ಧವೆಂದು ಹಂಚುತ್ತಿದ್ದಾರೆ, ನಂಬಬೇಡಿ ಎಂದು ಹೇಳಿಕೆ ಕೊಟ್ಟಿತ್ತು. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ ಅಂಥದೊಂದನ್ನು ನಾನೂ ಮುಂದಕ್ಕೆ ಕಳಿಸಿದೆ. ಕೆಳಗೆ ಉರಿಯುತ್ತಿದ್ದದ್ದು ಏನು, ಯಾರದು ಎಂದು ನಾನೂ ಕೇಳಲಿಲ್ಲ. ಹುಡುಗನನ್ನು ಬೈಯುವ ಮುನ್ನ ನನ್ನ ಕಿವಿಯನ್ನೇ ನಾನು ಹಿಂಡಿಕೊಳ್ಳಬೇಕಿತ್ತು.

ಹಾಗಾದರೆ ಕಂಪ್ಯೂಟರ್ ಕಟ್ಟಿಡಬೇಕೆ? ಬೇಡ. ಬೇಡವೆಂದದ್ದನ್ನು ಮಕ್ಕಳು ಪಕ್ಕದ ಮನೆಯಲ್ಲಿ ಆಡುತ್ತಾರೆ. ನೀವು ಮಾಡಬೇಕಾದದ್ದು ಇಷ್ಟೆ: ಸೊಪ್ಪು ಸೋಸುವ ತಟ್ಟೆ ಹಿಡಿದು ಅವರ ಪಕ್ಕ ಕೂತುಕೊಳ್ಳಿ. ಗುಂಡಿ ಒತ್ತುವ ಮುನ್ನ 'ಅದು ಯಾರದು?' ಎಂದು ಬಾಯಿಬಿಟ್ಟು ಕೇಳಿ. ಗೊತ್ತಿಲ್ಲ ಎಂದರೆ 'ಹಾಗಾದರೆ ಬಿಡು, ವಾಪಸ್ ಬಾ' ಎನ್ನಿ. ಆ ಆಟದಲ್ಲಿ ಹೊಡೆದದ್ದರ ಪಟ್ಟಿ ಬರುತ್ತದೆ, ಹೊಡೆಯದೆ ಬಿಟ್ಟದ್ದರ ಪಟ್ಟಿ ಬರುವುದಿಲ್ಲ. ಆ ಎರಡನೆಯ ಪಟ್ಟಿಯನ್ನು ಮನೆಯವರೇ ಇಟ್ಟುಕೊಳ್ಳಬೇಕು.

ನಮ್ಮ ಹುಡುಗ ಪೂರ್ತಿ ಬದಲಾಗಿಬಿಟ್ಟ ಎಂದು ಬರೆದರೆ ಸುಳ್ಳಾದೀತು. ಎರಡು ಸಲ ಕೇಳಿಕೊಂಡ, ಮೂರನೆಯ ಸಲ ಮರೆತ. ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ ಅಡುಗೆಮನೆಗೆ ಬಂದು, "ದೊಡ್ಡಮ್ಮ, ಒಂದು ಗಾಡಿ ಯಾರದು ಅಂತ ಗೊತ್ತಾಗಲಿಲ್ಲ. ಮೂರು ಸುತ್ತು ಹಾಕಿದೆ, ಪೆಟ್ರೋಲ್ ಮುಗೀತಾ ಬಂತು. ಬಾಂಬು ಹಾಗೇ ಇಟ್ಟುಕೊಂಡು ವಾಪಸ್ ಬಂದೆ. ಏನೂ ಹೊಡೆದಿಲ್ಲ ಅಂತ ತೋರಿಸ್ತು" ಎಂದ. ಮುಖದಲ್ಲಿ ಸ್ವಲ್ಪ ಬೇಸರವೂ ಇತ್ತು. "ಸರಿಯಾಗಿ ಇಳಿಸಿದೆಯೇನೋ ವಿಮಾನಾನ?" ಎಂದು ಕೇಳಿದೆ. "ಹೂಂ" ಎಂದ. "ಹಾಗಾದರೆ ಕೈ ತೊಳಕೊಂಡು ಬಾ, ರೊಟ್ಟಿ ಬಿಸಿಯಾಗಿದೆ" ಎಂದೆ.